ಶಾಬಾನಿನ ಒಂಬತ್ತು ಉಪವಾಸ

ವಿಸಾಲ್ ಆ ದಿನ ತನ್ನ ದಿನಚರಿಯಲ್ಲಿ ಬರೆದದ್ದು ಎರಡೇ ಸಾಲು. 'ಅಮ್ಮನ ಉಪವಾಸಗಳನ್ನು ಎಣಿಸುತ್ತಿದ್ದೇನೆ. ಹೆತ್ತವಳ ಮೇಲೆ ಹೀಗೆ ಕಣ್ಣಿಡುವುದು ಒಳ್ಳೆಯದಲ್ಲ.' ಎರಡನೆಯ ಸಾಲನ್ನು ಹೊಡೆದುಹಾಕೋಣವೆಂದು ಪೆನ್ನು ಎತ್ತಿದಳು, ಯಾಕೋ ಹಾಗೇ ಬಿಟ್ಟಳು. ಪುಸ್ತಕವನ್ನು ಹಾಸಿಗೆಯಡಿಗೆ ತಳ್ಳಿ, ಕೆಳಗಿಳಿದು ಬಂದು ರೇಷ್ಮೆ ದಾರ ಸುತ್ತಲು ಕೂತಳು.

ಆ ಹೊತ್ತಿಗೆ ಅಮ್ಮನ ಉಪವಾಸ ಏಳಾಗಿತ್ತು.

ರಮ್ಜಾನಿಗೆ ಹಿಂದಿನ ಶಾಬಾನ್ ತಿಂಗಳು ಬಂತೆಂದರೆ ಸೆಫ್ರೂ ಊರಿನ ಹೆಂಗಸರಿಗೆ ಎರಡು ಕೆಲಸ. ಬರುವ ರಮ್ಜಾನಿಗೆ ಎಳ್ಳು, ಬಾದಾಮಿ, ಗೋಧಿಹಿಟ್ಟು ಹುರಿದು ಪುಡಿ ಮಾಡಿಡುವುದು ಒಂದು. ಹೋದ ರಮ್ಜಾನಿನಲ್ಲಿ ಮುಟ್ಟಾಗಿ ಬಿಟ್ಟುಹೋದ ಉಪವಾಸಗಳನ್ನು ಈಗಲಾದರೂ ಮಾಡಿ ಮುಗಿಸುವುದು ಇನ್ನೊಂದು. ವರ್ಷವೆಲ್ಲ ನಾಳೆ ನಾಳೆ ಎಂದು ತಳ್ಳಿಕೊಂಡು ಬಂದವರೆಲ್ಲ ಶಾಬಾನಿನಲ್ಲಿ ಗಡಿಬಿಡಿಯಲ್ಲಿ ಹೊಟ್ಟೆ ಕಟ್ಟುತ್ತಾರೆ. ಒಬ್ಬಳದು ಐದು, ಒಬ್ಬಳದು ಏಳು. ಯಾರೂ ಯಾರನ್ನೂ ಕೇಳುವುದಿಲ್ಲ, ಕೇಳದೆಯೇ ಎಲ್ಲರಿಗೂ ತಿಳಿದಿರುತ್ತದೆ. ವಿಸಾಲಳ ಆರು ಎಂದೋ ಮುಗಿದಿತ್ತು.

ಆದರೆ ಅಮ್ಮ ಯಾಮ್ನಾಗೆ ಐವತ್ತೊಂದು. ಅವಳ ಮುಟ್ಟು ನಿಂತು ಮೂರು ವರ್ಷ. ಹೋದದ್ದಕ್ಕೂ ಹಿಂದಿನ ರಮ್ಜಾನ್ ಹಬ್ಬದ ಬೆಳಿಗ್ಗೆ ಅವಳೇ ಪಕ್ಕದ ಮನೆಯ ತಾಮು ಚಿಕ್ಕಮ್ಮನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಈ ಸಲ ಗಂಡಸರ ಹಾಗೆ ಮೂವತ್ತೂ ಹೊಡೆದೆ ಕಣೇ, ಒಂದೂ ಬಿಡ್ಲಿಲ್ಲ!" ಎಂದು ಜಂಬ ಕೊಚ್ಚಿಕೊಂಡಿದ್ದು ವಿಸಾಲಳ ಕಿವಿಯಲ್ಲಿ ಇನ್ನೂ ಇತ್ತು. ಹಾಗಿದ್ದ ಮೇಲೆ ಈ ಶಾಬಾನಿನಲ್ಲಿ ಯಾವ ಉಪವಾಸವನ್ನು ಮಾಡಿ ಮುಗಿಸುತ್ತಿದ್ದಾಳೆ? ಪುಣ್ಯಕ್ಕೆಂದು ಸೋಮವಾರ ಗುರುವಾರ ಹಿಡಿಯುವವರಿದ್ದಾರೆ. ಅಮ್ಮ ಮಂಗಳವಾರವೂ ಹಿಡಿದಳು, ಬುಧವಾರವೂ ಹಿಡಿದಳು. "ನಂಗೆ ಮಧ್ಯಾಹ್ನಕ್ಕೆ ಬೇಡ" ಎಂದಷ್ಟೇ ಹೇಳಿ ತಟ್ಟೆಯನ್ನು ಮಗಳ ಕಡೆ ಸರಿಸುತ್ತಿದ್ದಳು.

ಏಳಾಯಿತು, ಎಂಟಾಯಿತು. ಒಂಬತ್ತಕ್ಕೆ ನಿಂತಿತು.

ಒಂಬತ್ತು ಎಂದರೆ ಹೋದ ರಮ್ಜಾನಿನಲ್ಲಿ ಒಂಬತ್ತು ದಿನ ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನೀರು ಕುಡಿದಿದ್ದಾಳೆ. ಅಂದರೆ ಹನ್ನೊಂದು ತಿಂಗಳ ಹಿಂದೆಯೇ ರಕ್ತ ಕಂಡಿದೆ. ವಿಸಾಲ್ ಇಷ್ಟನ್ನು ಯೋಚಿಸಿದಳು. ಯೋಚಿಸಿದಾಗ ಏನೂ ಆಗಲಿಲ್ಲ. ಎದೆ ಹೊಡೆದುಕೊಳ್ಳಲಿಲ್ಲ, ಕಣ್ಣು ತುಂಬಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದಾಗ ಪಾದ ತನ್ನದಲ್ಲ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಾಯಿತು. ಅವಳು ಎದ್ದು ಹೋಗಿ ಎಳ್ಳು ಆರಿಸಿದಳು.

ಆಮೇಲೆ ಕಂಡದ್ದೆಲ್ಲ ಅದಕ್ಕೆ ಹೊಂದಿಕೊಂಡೇ ಬಂತು. ತಿಂಗಳಿಗೆ ನಾಲ್ಕಾರು ದಿನ ಅಮ್ಮ ನಮಾಜಿಗೆ ಚಾಪೆ ಬಿಚ್ಚುತ್ತಿರಲಿಲ್ಲ. ತನ್ನ ಒಳಬಟ್ಟೆಗಳನ್ನು ತಾನೇ ಒಗೆದು, ಮಹಡಿಯ ಮೇಲೆ ಹಾಸುಹೊದಿಕೆಗಳ ಹಿಂದೆ ಒಣಹಾಕುತ್ತಿದ್ದಳು. ಎಲ್ಲವೂ ಕಣ್ಣೆದುರಿಗೇ ಇತ್ತು. ಹೇಳಿಕೊಳ್ಳುವ ರೂಢಿ ಮಾತ್ರ ಆ ಮನೆಯಲ್ಲಿ ಇರಲಿಲ್ಲ. ವಿಸಾಲ್ ಮೈನೆರೆದಾಗ ಅಮ್ಮ ಮಾಡಿದ್ದು ಇಷ್ಟೇ. ಒಂದು ಪ್ಯಾಕೆಟ್ಟನ್ನು ಅವಳ ದಿಂಬಿನ ಮೇಲಿಟ್ಟು, "ಇನ್ಮೇಲೆ ನೀನೂ ಉಪವಾಸ ಹಿಡೀಬೇಕು" ಎಂದು ಗೋಡೆಗೆ ಹೇಳಿದಂತೆ ಹೇಳಿ ಹೋಗಿದ್ದಳು. ಅದಾಗಿ ಹನ್ನೆರಡು ವರ್ಷವಾಗಿತ್ತು. ಆ ವಿಷಯದಲ್ಲಿ ಅವರಿಬ್ಬರ ನಡುವೆ ನಡೆದ ಮಾತು ಅದೊಂದೇ.

ತಾಮು ಚಿಕ್ಕಮ್ಮನಿಗೆ ಅಂಥ ಸಂಕೋಚವಿಲ್ಲ. ಮಧ್ಯಾಹ್ನ ಮೂವರೂ ಮುಂಬಾಗಿಲ ಕೋಣೆಯಲ್ಲಿ ಬಿಸಿಲು ಬೀಳುವ ಕಡೆ ಕೂತು ಜೆಲ್ಲಾಬ ನಿಲುವಂಗಿಗಳಿಗೆ ರೇಷ್ಮೆ ಗುಂಡಿ ಹೆಣೆಯುತ್ತಿದ್ದರು. ಸೂಜಿಯಿಂದ ಒಂದೊಂದೇ ಗಂಟು ಹಾಕಿ ಹುರುಳಿಕಾಳಿನಷ್ಟು ಗಾತ್ರದ ಗುಂಡಿ ಮಾಡುವ ಕೆಲಸ ಅದು. ಕೈ ಅಲ್ಲಿ, ಬಾಯಿ ಎಲ್ಲೆಲ್ಲೋ.

"ಏನೇ ಯಾಮ್ನಾ, ನಿನ್ನೆಯೂ ಉಪವಾಸ ಹಿಡಿದಿದ್ಯಂತೆ? ಐವತ್ತು ದಾಟಿದವಳಿಗೆ ಏನೇ ಉಳ್ಕೊಂಡಿತ್ತು?"

"ಸುಮ್ನಿರೇ. ಮಗಳಿದ್ದಾಳೆ."

"ಇದ್ರೆ ಇರ್ಲಿ. ಫೆಸ್‌ಗೆ ಹೋಗಿ ಕಪ್ಪೆ ಕೊಯ್ದು ಓದಿ ಬಂದವಳಿಗೆ ನಾವೇನು ಹೊಸದು ಹೇಳ್ತೀವಿ?" ತಾಮು ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಕಣ್ಣು ಕಿರಿದು ಮಾಡಿದಳು. "ಓ... ಓಓ! ತಿರುಗಿ ಬಂತೇನೇ? ನಿಜ ಹೇಳು! ಅಯ್ಯೋ ನನ್ನ ಕಣ್ಣೇ ಬಿತ್ತಲ್ಲೇ ನಿನ್ನ ಮೇಲೆ. ಗಂಡು ನೋಡ್ಲಾ? ಬಟ್ಟೆ ಅಂಗಡಿ ಹಾಜಿ ಹೆಂಡ್ತಿ ಹೋಗಿ ವರ್ಷ ಆಯ್ತು."

"ಹಾಜಿಗೆ ಹಲ್ಲಿಲ್ಲ ಕಣೇ."

"ಹಲ್ಲು ಯಾಕೇ ಬೇಕು ನಿಂಗೆ? ಬಾದಾಮಿ ಒಡೆಸ್ತೀಯಾ?"

ಅಮ್ಮ ನಕ್ಕಳು. ಬಾಯಿ ಮುಚ್ಚಿಕೊಂಡು, ಭುಜ ಕುಲುಕಿಸಿ, ಹುಡುಗಿಯ ಹಾಗೆ ನಕ್ಕಳು. ಕೆನ್ನೆ ಕೆಂಪಾಗಿತ್ತು. ವಿಸಾಲ್ ಅದನ್ನು ನೋಡಿದಳು. ಅಮ್ಮನಿಗೆ ಹೆದರಿಕೆಯಾಗಿರಲಿಲ್ಲ, ಒಳಗೊಳಗೇ ಖುಷಿಯಾಗಿತ್ತು. ಅಪ್ಪ ಸತ್ತು ನಾಲ್ಕು ವರ್ಷದ ಮೇಲೆ, ಬಿಟ್ಟುಹೋದದ್ದರಲ್ಲಿ ಒಂದಾದರೂ ಮೈಗೆ ತಿರುಗಿ ಬಂದಿದೆ ಎಂದುಕೊಂಡಿದ್ದಳು. ಅಷ್ಟು ಖುಷಿಯಲ್ಲಿದ್ದವಳಿಗೆ ಏನೆಂದು ಹೇಳುವುದು? ವಿಸಾಲ್ ತಲೆ ತಗ್ಗಿಸಿ ಗಂಟು ಬಿಗಿದಳು. ಸೂಜಿ ಹೆಬ್ಬೆರಳಿಗೆ ಇಳಿದದ್ದು ದಾರ ಕೆಂಪಾದ ಮೇಲೆ ಗೊತ್ತಾಯಿತು. ಆ ಗುಂಡಿ ಕೆಟ್ಟಿತು.

ಅವಳು ಜೀವಶಾಸ್ತ್ರದಲ್ಲಿ ಪದವಿ ಮುಗಿಸಿ ಎರಡು ವರ್ಷವಾಗಿತ್ತು. ಕೆಲಸ ಸಿಕ್ಕಿರಲಿಲ್ಲ. ಕಡೆಯ ವರ್ಷದ ಪರೀಕ್ಷೆಯಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಮೇಲೆಯೇ ಒಂದು ಪ್ರಶ್ನೆ ಬಂದಿತ್ತು, ಇಪ್ಪತ್ತಕ್ಕೆ ಹದಿನೇಳು ಬಂದಿತ್ತು. ಆ ಸಂಜೆ ದಿನಚರಿಯಲ್ಲಿ ಬೇರೇನೂ ತೋಚದೆ ಆ ಉತ್ತರವನ್ನೇ ಮತ್ತೆ ಬರೆಯತೊಡಗಿದಳು. ಹ್ಯೂಮನ್ ಪ್ಯಾಪಿಲೋಮಾ ವೈರಸ್. ಗಂಡುಹೆಣ್ಣು ಕೂಡಿದಾಗ ಚರ್ಮದಿಂದ ಚರ್ಮಕ್ಕೆ ದಾಟುತ್ತದೆ. ಬಹುಪಾಲು ಜನಕ್ಕೆ ಬದುಕಿನಲ್ಲಿ ಒಮ್ಮೆಯಾದರೂ ಬರುತ್ತದೆ. ಬಂದದ್ದು ತಿಳಿಯುವುದಿಲ್ಲ. ಒಂದೆರಡು ವರ್ಷದಲ್ಲಿ ಮೈ ತಾನಾಗಿಯೇ ಅದನ್ನು ಅಡಗಿಸಿಬಿಡುತ್ತದೆ, ಅದೂ ತಿಳಿಯುವುದಿಲ್ಲ. ಕೆಲವರಲ್ಲಿ ಮಾತ್ರ, ಅದರಲ್ಲೂ ಕೆಲವು ಕೆಟ್ಟ ಜಾತಿಯ ವೈರಸ್ಸಾದರೆ, ಹೋಗದೆ ಉಳಿಯುತ್ತದೆ. ಗರ್ಭಕೊರಳಿನಲ್ಲಿ ಎರಡು ಬಗೆಯ ಜೀವಕೋಶಗಳು ಸಂಧಿಸುವ ಅಂಚಿದೆ. ಅಲ್ಲಿ ತಳದ ಪದರಕ್ಕೆ ಇಳಿದು ಕೂರುತ್ತದೆ. ಕ್ರಮೇಣ ತನ್ನ ವಂಶವಾಹಿ ಬರಹವನ್ನು ಜೀವಕೋಶದ ಬರಹದ ಮಧ್ಯೆ ತೂರಿಸುತ್ತದೆ. ಅದು ಮಾಡುವ ಪ್ರೋಟೀನುಗಳಲ್ಲಿ ಎರಡು ಮುಖ್ಯ. ಕೆಟ್ಟುಹೋದ ಜೀವಕೋಶಕ್ಕೆ ನೀನು ಸಾಯಬೇಕು ಎಂದು ಹೇಳುವ ಕಾವಲುಗಾರನೊಬ್ಬನಿದ್ದಾನೆ, ಒಂದು ಪ್ರೋಟೀನು ಅವನನ್ನು ಮುಗಿಸುತ್ತದೆ. ಸಾಕು, ಇನ್ನು ಒಡೆದು ಎರಡಾಗಬೇಡ ಎಂದು ತಡೆಯುವವನು ಇನ್ನೊಬ್ಬ, ಇನ್ನೊಂದು ಪ್ರೋಟೀನು ಅವನ ಕೈ ಕಟ್ಟುತ್ತದೆ. ಇಬ್ಬರೂ ಇಲ್ಲದ ಮೇಲೆ ಜೀವಕೋಶ ಸಾಯುವುದನ್ನು ಮರೆಯುತ್ತದೆ. ಇದಕ್ಕೆ ಹತ್ತು, ಹದಿನೈದು, ಇಪ್ಪತ್ತೈದು ವರ್ಷವೂ ಹಿಡಿಯುತ್ತದೆ. ಆ ನಡುವೆ ಯಾವಾಗ ನೋಡಿದರೂ ಸಿಕ್ಕಿಬೀಳುತ್ತದೆ. ನೋಡಬೇಕು, ಅಷ್ಟೇ.

ಇಷ್ಟು ಬರೆದು ಕೈ ನಿಂತಿತು. ಇಪ್ಪತ್ತೈದು ವರ್ಷ. ಹಾಗಾದರೆ ಅದು ತನಗಿಂತ ಮೊದಲೇ ಈ ಮನೆಗೆ ಬಂದು ಸೇರಿದ್ದರೂ ಸೇರಿರಬಹುದು. ಅಪ್ಪ ಹಮ್ಮಾದಿ, ಬೀದಿಯ ಒಲೆಮನೆಯಲ್ಲಿ ಊರವರ ರೊಟ್ಟಿ ಸುಡುತ್ತಿದ್ದವನು. ಒಲೆ, ಮನೆ, ಮಸೀದಿ ಬಿಟ್ಟು ಬೇರೆ ದಾರಿ ತಿಳಿಯದವನು. ಅಮ್ಮನನ್ನು ಕಟ್ಟಿಕೊಳ್ಳುವ ಮೊದಲು ಮೆಕ್ನೆಸ್‌ನಲ್ಲಿ ಅವನಿಗೊಂದು ಮದುವೆಯಾಗಿತ್ತು, ಹನ್ನೊಂದು ತಿಂಗಳಲ್ಲಿ ಮುರಿದಿತ್ತು. ಆ ಹೆಂಗಸಿಗೂ ಅದಕ್ಕೆ ಮುಂಚೆ ಒಬ್ಬ ಗಂಡನಿದ್ದನಂತೆ. ಎಲ್ಲವೂ ಮೌಲ್ವಿಯ ಮುಂದೆ ಸಾಕ್ಷಿ ಹಾಕಿ ನಡೆದ ಮದುವೆಗಳೇ. ಯಾರೂ ಯಾರಿಗೂ ದ್ರೋಹ ಮಾಡಿರಲಿಲ್ಲ. ವೈರಸ್ಸಿಗೆ ಸಾಕ್ಷಿ ಸಹಿಗಳ ಪರಿವೆಯೇ ಇಲ್ಲ. ಆದರೆ ಈ ಮಾತನ್ನು ಅಮ್ಮನ ಮುಂದೆ ಬಾಯಿಬಿಟ್ಟರೆ ಅವಳ ಕಿವಿಗೆ ಬೀಳುವುದು ಒಂದೇ. ಸತ್ತ ಗಂಡ ಹಾದರ ಮಾಡಿದ್ದ ಎನ್ನುತ್ತಿದ್ದಾಳೆ ನನ್ನ ಮಗಳು.

ಅದಲ್ಲದೆಯೂ ಇರಬಹುದು ಎಂದುಕೊಂಡಳು. ರಕ್ತಕ್ಕೆ ಬೇರೆ ಕಾರಣಗಳೂ ಉಂಟು. ನೋಡದೆ ಹೇಳುವ ಹಾಗಿಲ್ಲ. ಅದನ್ನೂ ಬರೆದಿಟ್ಟು ಮಲಗಿದಳು. ನಿದ್ದೆ ಚೆನ್ನಾಗಿಯೇ ಬಂತು.

ಬೇರೊಬ್ಬರ ಬಾಯಲ್ಲಿ ಹೇಳಿಸುವ ಉಪಾಯ ಹೊಳೆದದ್ದು ಶುಕ್ರವಾರ. ಮಸೀದಿಯ ಹೆಂಗಸರ ಕೋಣೆಯಲ್ಲಿ ಲಲ್ಲಾ ಹಫ್ಸಾ ಎಂಬ ಬೋಧಕಿ ವಾರಕ್ಕೊಮ್ಮೆ ಪಾಠ ಹೇಳುತ್ತಿದ್ದಳು. ಬಾಯಿಬಿಟ್ಟು ಕೇಳಲು ನಾಚುವವರು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ತಗಡಿನ ಡಬ್ಬಿಗೆ ಹಾಕುವುದು ರೂಢಿ. ಹೆಸರು ಬೇಕಿಲ್ಲ. ವಿಸಾಲ್ ಅಕ್ಷರವನ್ನು ಎಡಕ್ಕೆ ಬಾಗಿಸಿ, ತನ್ನದಲ್ಲದ ಬರಹದಲ್ಲಿ ಬರೆದಳು: 'ಐವತ್ತು ದಾಟಿದ ಹೆಂಗಸು. ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣುತ್ತಿದೆ. ಆ ದಿನಗಳಲ್ಲಿ ಉಪವಾಸ, ನಮಾಜು ಬಿಡಬೇಕೇ?' ಅದರ ಕೆಳಗೆ ಇನ್ನೊಂದು ಸಾಲು ಬರೆದಳು: 'ಅವಳು ವೈದ್ಯರಿಗೆ ತೋರಿಸಬೇಕಲ್ಲವೇ?'

ಡಬ್ಬಿಯ ಹತ್ತಿರ ಬಂದಾಗ ಹಿಂದೆ ಯಾರೋ ನಿಂತರು. ಎರಡನೆಯದು ಧರ್ಮದ ಪ್ರಶ್ನೆಯಲ್ಲ, ಬೋಧಕಿ ನಕ್ಕರೆ? ಇಂಥ ಪ್ರಶ್ನೆ ಕೇಳುವವರು ಯಾರು ಎಂದು ಊರಿನ ಹೆಂಗಸರೆಲ್ಲ ಕುತ್ತಿಗೆ ತಿರುಗಿಸಿ ನೋಡಿದರೆ? ಅವಳು ಚೀಟಿಯ ಕೆಳಗಿನ ಅರ್ಧವನ್ನು ಹರಿದು ಮುಷ್ಟಿಯಲ್ಲಿಟ್ಟುಕೊಂಡು, ಮೇಲಿನರ್ಧವನ್ನಷ್ಟೇ ಒಳಗೆ ಹಾಕಿದಳು.

ಲಲ್ಲಾ ಹಫ್ಸಾ ಕನ್ನಡಕ ಏರಿಸಿ ಓದಿ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಳು. "ಆ ವಯಸ್ಸಿನಲ್ಲಿ ನಿಂತು ಹೋಗಿ ಮತ್ತೆ ಬಂದದ್ದು ಮುಟ್ಟಲ್ಲ. ಅದಕ್ಕೆ ಮುಟ್ಟಿನ ಕಟ್ಟಳೆ ಇಲ್ಲ. ತೊಳೆದುಕೊಳ್ಳಿ, ಬಟ್ಟೆ ಕಟ್ಟಿಕೊಳ್ಳಿ, ನಮಾಜು ಮಾಡಿ, ಉಪವಾಸ ಹಿಡಿಯಿರಿ. ಏನೂ ಅಡ್ಡಿಯಿಲ್ಲ." ಮುಂದಿನ ಚೀಟಿ ಕಣ್ಣಿಗೆ ಔಷಧಿ ಬಿಟ್ಟುಕೊಂಡರೆ ಉಪವಾಸ ಮುರಿಯುತ್ತದೆಯೇ ಎಂಬುದಾಗಿತ್ತು.

ದಾರಿಯಲ್ಲಿ ಅಮ್ಮ ತಾಮುವಿನ ತೋಳು ಹಿಡಿದು ಅಲ್ಲಾಡಿಸಿದಳು. "ಕೇಳಿಸ್ಕೊಂಡ್ಯಾ? ಯಾರೋ ನನ್ನ ಹಾಗೇ ಇರೋಳು ಕೇಳಿದ್ದಾಳೆ. ಅಲ್ಲಾ ಅವಳಿಗೆ ಒಳ್ಳೇದು ಮಾಡ್ಲಿ. ಹೋದ ರಮ್ಜಾನಿನಲ್ಲಿ ಒಂಬತ್ತು ದಿನ ಸುಮ್ಸುಮ್ನೆ ಉಪವಾಸ ಬಿಟ್ಟೆನಲ್ಲೇ! ಆ ರಕ್ತ ಲೆಕ್ಕಕ್ಕೇ ಇಲ್ವಂತೆ."

"ಹಂಗಾದ್ರೆ ಹಾಜಿಗೆ ಏನ್ ಹೇಳ್ಲಿ?"

"ಹಲ್ಲು ಕಟ್ಟಿಸ್ಕೊಂಡು ಬಾ ಅನ್ನು."

ಇಬ್ಬರೂ ನಗುತ್ತ ಮುಂದೆ ನಡೆದರು. ವಿಸಾಲ್ ಎರಡು ಹೆಜ್ಜೆ ಹಿಂದಿದ್ದಳು. ಮುಷ್ಟಿಯೊಳಗಿನ ಕಾಗದ ಬೆವರಿಗೆ ಮೆತ್ತಗಾಗಿತ್ತು. ಅಂದಿನಿಂದ ಅಮ್ಮ ಒಂದು ಹೊತ್ತೂ ನಮಾಜು ತಪ್ಪಿಸಲಿಲ್ಲ. ರಕ್ತದ ಮಾತನ್ನು ತಾಮುವಿನೊಡನೆಯೂ ಎತ್ತಲಿಲ್ಲ. ಮೊದಲು ಅದು ತಿರುಗಿ ಬಂದ ಯೌವನವಾಗಿತ್ತು. ಈಗ ಏನೂ ಅಲ್ಲವಾಯಿತು. ಅದನ್ನು ಏನೂ ಅಲ್ಲವಾಗಿಸಿದವಳು ತಾನೇ ಎಂಬುದು ವಿಸಾಲಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಮಾತ್ರ, ಎಲ್ಲೂ ಚುಚ್ಚಲಿಲ್ಲ. ದಿನಚರಿಯ ಮೂರು ಪುಟ ಹಾಗೇ ಬಿಳಿಯಾಗಿ ಉಳಿಯಿತು.

ರಮ್ಜಾನಿಗೆ ನಾಲ್ಕು ದಿನ ಉಳಿದಾಗ ಅಮ್ಮ ಆರೋಗ್ಯ ಕೇಂದ್ರಕ್ಕೆ ಹೊರಟಳು. ರಕ್ತದೊತ್ತಡದ ಮಾತ್ರೆಯನ್ನು ಉಪವಾಸದಲ್ಲಿ ಯಾವ ಹೊತ್ತಿಗೆ ನುಂಗಬೇಕೆಂದು ಕೇಳಿಕೊಂಡು ಬರಬೇಕಿತ್ತು. ಅದೇ ಕೆಲಸಕ್ಕೆ ಊರಿನ ಅರ್ಧ ಜನ ಬಂದಿದ್ದರು. ಪಕ್ಕದ ಕೋಣೆಯ ಬಾಗಿಲಲ್ಲಿ ಹೆರಿಗೆ ನರ್ಸ್ ಸಿಹಾಮ್ ಕುರ್ಚಿ ಹಾಕಿಕೊಂಡು, ಕಾದು ಕೂತ ಹೆಂಗಸರನ್ನೆಲ್ಲ ಮಾತಿಗೆ ಎಳೆಯುತ್ತಿದ್ದಳು.

"ಮಾತ್ರೆ ಸಾಲು ಇನ್ನೂ ಒಂದು ಗಂಟೆ ಹಿಡಿಯತ್ತೆ. ಅಷ್ಟರಲ್ಲಿ ನನ್ನ ಕೋಣೆಗೆ ಬಂದು ಹೋಗಿ. ಗರ್ಭದ ಬಾಯಿಗೆ ವಿನೆಗರ್ ಹಚ್ಚಿ ನೋಡ್ತೀನಿ, ಒಂದು ನಿಮಿಷದ ಕೆಲಸ. ಕೆಟ್ಟ ಜಾಗ ಇದ್ರೆ ಬೆಳ್ಳಗೆ ಕಾಣತ್ತೆ."

"ವಿನೆಗರ್ರಾ? ನಮ್ಮನ್ನೇನು ಉಪ್ಪಿನಕಾಯಿ ಹಾಕ್ತೀಯೇನೇ ತಾಯಿ?" ಎಂದಳು ಮೂಲೆಯಲ್ಲಿದ್ದ ಒಬ್ಬ ದಪ್ಪ ಹೆಂಗಸು. ಸಾಲೆಲ್ಲ ನಕ್ಕಿತು.

"ಹಾಕ್ತೀನಿ, ನೀವು ಮೊದಲು ಜಾಡಿಗೆ ಇಳೀರಿ. ನಾಲ್ಕು ದಿನ ಬಿಟ್ರೆ ರಮ್ಜಾನ್, ಆಗ ಯಾರೂ ಈ ಮೇಜು ಹತ್ತಲ್ಲ, ಉಪವಾಸ ಮುರಿಯತ್ತೆ ಅಂತೀರಿ. ಆಮೇಲೆ ಹಬ್ಬ, ಆಮೇಲೆ ಹಬ್ಬದ ನಂತರದ ಆರು ಉಪವಾಸ. ಎರಡು ತಿಂಗಳು ಹೋಯ್ತು. ಕ್ಯಾನ್ಸರ್ ತರೋ ಆ ವೈರಸ್ಸಿಗೆ ಹಬ್ಬ ಗೊತ್ತಾಗಲ್ಲ."

"ಆ ವೈರಸ್ಸು ಗಂಡಸರಿಂದ ಬರೋದಂತೆ. ನನ್ನ ಗಂಡ ಮಸೀದಿ ಬಿಟ್ರೆ ಮನೆ, ಮನೆ ಬಿಟ್ರೆ ಮಸೀದಿ!" ಎಂದಳು ಸಾಲಿನಲ್ಲಿದ್ದ ಇನ್ನೊಬ್ಬಳು.

"ನಾನು ನಿಮ್ಮ ಗಂಡನ ಸುದ್ದಿಗೆ ಬಂದಿಲ್ಲಮ್ಮಾ. ಶೀತ ಬಂದಷ್ಟು ಸಾಮಾನ್ಯ ಅದು. ಯಾವ ಕಾಲದಲ್ಲೋ ಬಂದು ಸುಮ್ಮನೆ ಕೂತಿರತ್ತೆ. ಒಳ್ಳೆ ಗಂಡಂದಿರು ಇರೋ ಮನೇಲೂ ಇರತ್ತೆ."

ಸಿಹಾಮ್ ಅಮ್ಮನ ಕಡೆ ತಿರುಗಿದಳು. "ನೀವು? ಬನ್ನಿ, ಒಳಗೆ ಕೂತ್ಕೊಳ್ಳಿ."

"ನಂಗ್ಯಾಕೆ ಮಗಳೇ? ನಮ್ಮನೆಯವರು ಮಣ್ಣು ಸೇರಿ ನಾಲ್ಕು ವರ್ಷ. ನಂಗೆ ಎಲ್ಲಿಂದ ಬರತ್ತೆ?" ಹಾಗೆನ್ನುತ್ತಲೇ, ಕರೆದವರ ಮಾತು ಮೀರಬಾರದೆಂಬಂತೆ ಎದ್ದು ಒಳಗೆ ಹೋಗಿ ಕೂತಳು. ವಿಸಾಲ್ ಕೈಚೀಲ ಹಿಡಿದುಕೊಂಡು ಹಿಂದೆ ಹೋದಳು. ಬಾಗಿಲು ಮುಚ್ಚಿತು. ಕೋಣೆಯಲ್ಲಿ ಒಂದು ಮೇಜು, ಕಾಲಿಡುವ ಎರಡು ಕಬ್ಬಿಣದ ಕೊಕ್ಕೆ, ಬಗ್ಗಿಸುವ ದೀಪ. ಅಮ್ಮ ಅವುಗಳ ಕಡೆ ನೋಡದೆ ಕಿಟಕಿ ನೋಡುತ್ತ ಕೂತಳು.

ಸಿಹಾಮ್ ಕಾಗದ ಎಳೆದುಕೊಂಡಳು. ಹೆಸರು, ವಯಸ್ಸು, ಹೆರಿಗೆ ಎಷ್ಟು. ಅಮ್ಮ ಒಂದೊಂದನ್ನೂ ಹೇಳಿದಳು.

"ಮುಟ್ಟು?"

"ನಿಂತು ಮೂರು ವರ್ಷ ಆಯ್ತು."

"ನಿಂತ ಮೇಲೆ ಯಾವಾಗ್ಲಾದ್ರೂ ರಕ್ತ ಕಂಡಿದೆಯಾ? ಸ್ವಲ್ಪಾನೂ?"

"ಇಲ್ಲ."

ಅಮ್ಮ ಸುಳ್ಳು ಹೇಳುವವಳಲ್ಲ. ಹೇಳುವಾಗ ಅವಳ ಮುಖ ತಿಳಿಯಾಗಿತ್ತು. ಮಸೀದಿಯಲ್ಲಿ ಕೇಳಿ ಬಗೆಹರಿಸಿಕೊಂಡದ್ದನ್ನು ಹೇಳುತ್ತಿದ್ದಳು. ಅದು ಮುಟ್ಟಲ್ಲ, ಲೆಕ್ಕಕ್ಕಿಲ್ಲ, ಆದ್ದರಿಂದ ಇಲ್ಲ.

ಸಿಹಾಮ್ ಬರೆದುಕೊಂಡಳು. "ಒಳ್ಳೇದು. ನಿಮಗೆ ಇಷ್ಟ ಇಲ್ಲ ಅಂದ್ರೆ ಬಲವಂತ ಇಲ್ಲ. ಹಬ್ಬ ಆದ್ಮೇಲೆ ಬೇಕಾದ್ರೂ ಬನ್ನಿ."

"ಹಬ್ಬ ಆದ್ಮೇಲೆ ಬರ್ತೀನಿ ಮಗಳೇ. ಅಲ್ಲಾ ನಿನಗೆ ಆಯಸ್ಸು ಕೊಡ್ಲಿ." ಅಮ್ಮ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. "ಏಳೇ ವಿಸಾಲ್, ಮಾತ್ರೆ ಸಾಲು ತಪ್ಪತ್ತೆ."

ವಿಸಾಲ್ ಏಳಲಿಲ್ಲ. ಏಳಬಾರದು ಎಂದು ನಿಶ್ಚಯ ಮಾಡಿಕೊಂಡದ್ದೇನೂ ಅಲ್ಲ. ಸಿಹಾಮ್ ಮುಂದಿನವರನ್ನು ಕರೆಯಲು ಬಾಗಿಲ ಹಿಡಿಕೆಗೆ ಕೈ ಹಾಕಿದ್ದಳು. ಬಾಗಿಲು ತೆರೆದರೆ ಆಚೆ ಸಾಲಿನಲ್ಲಿ ಇಪ್ಪತ್ತು ಕಿವಿಗಳಿದ್ದವು. ಅಮ್ಮ ಕೈಚೀಲಕ್ಕೆ ಕೈ ಚಾಚಿದಳು. ವಿಸಾಲ್ ಚೀಲ ಬಿಡಲಿಲ್ಲ.

"ಏನೇ?"

ನಾಲಿಗೆ ಯಾರದೋ ಅನ್ನಿಸಿತು. ಅಮ್ಮನ ಮುಖ ನೋಡಿದರೆ ಆಗುವುದಿಲ್ಲವೆಂದು, ಸಿಹಾಮಳ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತ, ದನಿ ಎಷ್ಟು ಏರಿತೆಂಬುದು ತನಗೇ ತಿಳಿಯದೆ ಹೇಳಿದಳು:

"ಅಮ್ಮನಿಗೆ ರಕ್ತ ಹೋಗ್ತಿದೆ. ಹೋದ ರಮ್ಜಾನಿನಿಂದ."